ಕಿಕ್ಕಿರಿದ ತರಗತಿ, ಮೂಕನಾದ ವಿದ್ಯಾರ್ಥಿ

ಕನ್ನಡನಾಡಿನಿಂದ ಪ್ರತಿವರ್ಷವೂ ದೆಹಲಿಗೆ ಓದಲು ಬರುವ ತರುಣ ತರುಣಿಯರಲ್ಲಿ, ಊರಿನ ಶಾಲೆಯಲ್ಲಿ ಮೊದಲು ಕೈಯೆತ್ತುತ್ತಿದ್ದವರೇ ಇಲ್ಲಿನ ಕಿಕ್ಕಿರಿದ ಉಪನ್ಯಾಸಮಂದಿರದ ಹಿಂದಿನ ಬೆಂಚಿನಲ್ಲಿ ಮೂಕರಾಗಿ ಕುಳಿತುಬಿಡುವುದನ್ನು ನಾವು ಬಲ್ಲೆವು. ವಿಷಯ ತಿಳಿಯದೆ ಅಲ್ಲ. ಇಂಗ್ಲಿಷು ಹಿಂದಿಗಳ ನಡುವೆ ತಪ್ಪಿ ನುಡಿದೇವೆಂಬ ಅಂಜಿಕೆಯಿಂದ. ಪರೀಕ್ಷೆಯ ಅಂಕಗಳು ಈ ಮೌನದ ಬೆಲೆಯನ್ನು ತಿಳಿಸುವ ಹೊತ್ತಿಗೆ ವರ್ಷವೇ ಕಳೆದಿರುತ್ತದೆ.

1922ರಲ್ಲಿ ಸ್ಥಾಪಿತವಾದ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸದೊಡನೆ ಟ್ಯುಟೋರಿಯಲ್ ಎಂಬ ಚಿಕ್ಕ ಗುಂಪಿನ ಪಾಠವೂ ಉಂಟು. ಆದರೆ ಗುಂಪು ಬೆಳೆದಂತೆಲ್ಲ ಹೆಸರು ಉಳಿದು ಹುರುಳು ಅಳಿಯುತ್ತದೆ. ಹಾಗಾದರೆ ದೊಡ್ಡ ತರಗತಿಯಲ್ಲಿ ವಿದ್ಯಾರ್ಥಿಯನ್ನು ಮಾತನಾಡಿಸುವ ಬಗೆ ಯಾವುದು?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರರು 1991ರಲ್ಲಿ ಆರಂಭಿಸಿದ ಕ್ರಮ ಬಹು ಸರಳವಾದುದು. ಉಪನ್ಯಾಸದ ನಡುವೆ ಅಧ್ಯಾಪಕರು ಒಂದು ಪ್ರಶ್ನೆಯನ್ನು ಮುಂದಿಡುತ್ತಾರೆ. ಪ್ರತಿಯೊಬ್ಬನೂ ತನ್ನ ಉತ್ತರವನ್ನು ತಾನೇ ನಿರ್ಧರಿಸುತ್ತಾನೆ. ಬಳಿಕ ಪಕ್ಕದವನೊಡನೆ ಚರ್ಚಿಸಿ ಮತ್ತೊಮ್ಮೆ ಉತ್ತರ ಕೊಡುತ್ತಾನೆ. ನಿನ್ನೆಯಷ್ಟೇ ಕಲಿತವನಿಗೆ, ಇಂದು ಕಲಿಯುವವನ ತೊಡಕು ಎಲ್ಲಿದೆಯೆಂಬುದು ಬೇಗ ಹೊಳೆಯುತ್ತದೆ.

ಇದು ನಮಗೆ ತೀರ ಹೊಸತೇನಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲರು ಮದರಾಸಿಗೆ ಕಳುಹಿಸಿದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ ಲೆಕ್ಕವಿದೆ. ಅವುಗಳಲ್ಲಿ 235 ಕನ್ನಡದವು. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತ ತಮ್ಮ ತಿಳಿವನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಅವರು ಬಹುವಾಗಿ ಮೆಚ್ಚಿದರು. ಇಂಗ್ಲೆಂಡು ಅದನ್ನು ಅನುಕರಿಸಿದ್ದು ಉಚಿತವೆಂದರು. ಆದರೆ ಅದೇ ವರದಿ ಅರ್ಥವರಿಯದ ಬಾಯಿಪಾಠವನ್ನು ಆಕ್ಷೇಪಿಸಿದೆ ಎಂಬುದನ್ನೂ ಮರೆಯಲಾಗದು. ಹುಡುಗರೇ ಹುಡುಗರಿಗೆ ಕಲಿಸಿದ ಮಾತ್ರಕ್ಕೆ ಸಾಲದು. ‘ಏಕೆ’, ‘ಹೇಗೆ’ ಎಂಬ ಪ್ರಶ್ನೆಯನ್ನು ಆಯ್ದು ಮುಂದಿಡುವ, ಕೊನೆಯಲ್ಲಿ ತಪ್ಪನ್ನು ತಿದ್ದುವ ಗುರು ಬೇಕು. ಪಾಠವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿ ಅಧ್ಯಾಪಕರು ಕೈತೊಳೆದುಕೊಳ್ಳುವುದನ್ನು ನಾವು ಸುಧಾರಣೆಯೆಂದು ಕರೆಯಲಾರೆವು.

ವಿಶ್ವವಿದ್ಯಾನಿಲಯ ಬದಲಾಗುವವರೆಗೆ ದೆಹಲಿಯ ಕನ್ನಡಿಗರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ವಾರಕ್ಕೊಮ್ಮೆ ನಾಲ್ಕೈದು ವಿದ್ಯಾರ್ಥಿಗಳಿಗೆ ಮನೆಯಲ್ಲೋ ಸಂಘದಲ್ಲೋ ಒಂದು ಕೊಠಡಿ ಬಿಟ್ಟುಕೊಟ್ಟರೆ ಸಾಕು. ಮೂರನೆಯ ವರ್ಷದವರು ಮೊದಲನೆಯ ವರ್ಷದವರನ್ನು ಪ್ರಶ್ನಿಸಲಿ. ಇವರು ಕನ್ನಡದಲ್ಲಿ ತಿಳಿದುಕೊಂಡು ಇಂಗ್ಲಿಷಿನಲ್ಲಿ ವಿವರಿಸುವ ಅಭ್ಯಾಸ ಮಾಡಲಿ. ಬಗೆಹರಿಯದ ಸಂದೇಹವನ್ನು ಬರೆದುಕೊಂಡು ಅಧ್ಯಾಪಕರ ಬಳಿಗೆ ಒಯ್ಯಲಿ. ಗೆಳೆಯನ ಮುಂದೆ ತಪ್ಪಿ ತಿದ್ದಿಕೊಂಡವನಿಗೆ ತುಂಬಿದ ಸಭೆಯೂ ಅಷ್ಟೊಂದು ಭಯಂಕರವಾಗಿ ತೋರದು.