ಹಾಡು, ಆಟ, ಸುದ್ದಿ: ಕೊಟ್ಟ ಕಾಸಿಗೆ ಕೈಗೆ ಬಂದದ್ದೇನು?

ಅಕ್ಕಿ ಕೊಂಡರೆ ಚೀಲ ಕೈಗೆ ಬರುತ್ತದೆ. ಅರಿವೆ ಕೊಂಡರೆ ಮೊಳ ಹಾಕಿ ನೋಡಬಹುದು. ನಾವು ದಿನನಿತ್ಯ ದುಡ್ಡು ಕೊಡುವ ಇನ್ನು ಮೂರು ಸರಕುಗಳಿವೆ. ಅವನ್ನು ತೂಗಲು ತಕ್ಕಡಿಯಿಲ್ಲ, ಅಳೆಯಲು ಗಜವಿಲ್ಲ. ಒಂದು ಹಾಡು, ಇನ್ನೊಂದು ಆಟ, ಮತ್ತೊಂದು ಸುದ್ದಿ. ಕಾಂದಿವಲಿಯಿಂದ ಚರ್ಚ್‌ಗೇಟಿಗೆ ಹೋಗುವ ಬೆಳಗಿನ ಲೋಕಲ್ ಗಾಡಿಯಲ್ಲಿ ಈ ಮೂರೂ ವ್ಯಾಪಾರ ಅಂಗೈಯಗಲದ ಒಂದೇ ಯಂತ್ರದಲ್ಲಿ ನಡೆಯುತ್ತಿರುತ್ತವೆ. ಕಿವಿಯಲ್ಲಿ ಹಾಡು, ಹೆಬ್ಬೆರಳಿನ ಕೆಳಗೆ ಇಸ್ಪೀಟು, ನಡುನಡುವೆ ಯಾರೋ ಕಳಿಸಿದ ಸುದ್ದಿ.

ಈ ಮಾತು ಈಗ ಏಕೆ ಬಂತೆಂದರೆ, ನಮ್ಮ ವಾಚನಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಒಂದೆರಡನ್ನು ನಿಲ್ಲಿಸಿ ಖರ್ಚು ಉಳಿಸಬಾರದೇ ಎಂಬ ಸಲಹೆ ಬಂದಿದೆ. ಮೊಬೈಲಿನಲ್ಲಿ ಸುದ್ದಿ ಪುಕ್ಕಟೆ ಸಿಗುವಾಗ ಕಾಗದಕ್ಕೆ ದುಡ್ಡೇಕೆ ಎಂಬುದು ವಾದ. ಸಲಹೆ ಕೊಟ್ಟವರು ಸಂಘದ ಹಿತೈಷಿಗಳೇ. ಆದ್ದರಿಂದ ಎರಡು ಮಾತಿನಲ್ಲಿ ತಳ್ಳಿಹಾಕದೆ, ಮೂರೂ ಸರಕುಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡೋಣ ಎಂದುಕೊಂಡಿದ್ದೇವೆ.

ಮೊದಲು ಹಾಡು; ಅದರಲ್ಲಿ ಜಗಳ ಕಡಿಮೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಗೋಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡರು. ರಾತ್ರಿಯಿಡೀ ಹಾಡಬಹುದಾದ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಮಡಿಸಿ ಕೊಡಬೇಕಾಗಿತ್ತು. ಹಾಡಿನ ಕೊನೆಗೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಜಂಭಕ್ಕಲ್ಲ, ದೂರದ ಜರ್ಮನಿಯ ಕಾರ್ಖಾನೆಯಲ್ಲಿ ಪ್ಲೇಟು ಅಚ್ಚುಹಾಕುವವರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂದು. ಅಂತಹ ಪ್ರಸಿದ್ಧ ಕಲಾವಿದೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಪ್ಲೇಟು ಮಾರಿದವರ ಕಥೆ ಬೇರೆ, ಹಾಡಿದವರ ಕಥೆ ಬೇರೆ.

ಆ ಪ್ಲೇಟು ಅರಗಿನದು. ಕೈಜಾರಿದರೆ ಹೋಳು. ಆದರೂ ಅದು ಕೊಂಡವನದೇ ಸೊತ್ತು. ನೆರೆಯವನಿಗೆ ಎರವಲು ಕೊಡಬಹುದು, ಮಗಳ ಮದುವೆಯಲ್ಲಿ ಹಾಕಬಹುದು, ಕಷ್ಟ ಬಂದರೆ ಚೋರ್ ಬಜಾರಿನಲ್ಲಿ ಮಾರಬಹುದು. ಕೊಳ್ಳಲಾಗದವರಿಗೆ ರೇಡಿಯೋ ಇತ್ತು. ಅದೂ ಪೂರ್ತಿ ಪುಕ್ಕಟೆಯಲ್ಲ: ಪೆಟ್ಟಿಗೆ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ವರ್ಷವರ್ಷವೂ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಮುಂದೆ ಕ್ಯಾಸೆಟ್ಟು ಬಂತು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಹೊರಬಂದ ಮೇಲೆ, ಊರಿಗೆ ಹೋಗಿಬಂದವರ ಚೀಲದಲ್ಲಿ ಹಪ್ಪಳ ಉಪ್ಪಿನಕಾಯಿಯ ಜೊತೆಗೆ ಭಾವಗೀತೆಗೂ ಜಾಗ ಸಿಕ್ಕಿತು.

ಈಗಿನ ಪದ್ಧತಿ ತಿಂಗಳ ಚಂದಾ. ಲಕ್ಷಗಟ್ಟಲೆ ಹಾಡುಗಳ ಬಾಗಿಲು ತೆರೆಯುತ್ತದೆ, ಸಂತೋಷ. ಚಂದಾ ನಿಲ್ಲಿಸಿದ ದಿನ ಬಾಗಿಲು ಮುಚ್ಚುತ್ತದೆ. ಹತ್ತು ವರ್ಷ ಕಟ್ಟಿದವನಿಗೂ ನಿನ್ನೆ ಸೇರಿದವನಿಗೂ ಉಳಿಯುವುದು ಒಂದೇ: ಶೂನ್ಯ. ಇದು ಕೊಳ್ಳುವುದಲ್ಲ, ಬಾಡಿಗೆ. ಮುಂಬಯಿಯಲ್ಲಿ ಖೋಲಿ ಬಾಡಿಗೆಗೆ ಹಿಡಿದು ಪಳಗಿದ ನಮಗೆ ಇದರ ಮರ್ಮ ಬೇರೆಯವರು ಹೇಳಿಕೊಡಬೇಕಾಗಿಲ್ಲ. ತಿಂಗಳಿಗೆ ಇಷ್ಟು ಎಂದು ಗೊತ್ತಿದ್ದು ಕೊಡುವುದಾದರೆ ಬಾಡಿಗೆಯೇನೂ ತಪ್ಪಲ್ಲ. ಒಂದು ಉಪಯುಕ್ತ ಸಂಗತಿಯನ್ನು ಮಾತ್ರ ಹೇಳಿಬಿಡುತ್ತೇವೆ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಪದ ಮತ್ತು ರಾಗ ಕಟ್ಟಿದವರ ಹಕ್ಕಿನ ಲೆಕ್ಕ ಬೇರೆ. ಅದು ಅವರು ತೀರಿಕೊಂಡ ಮೇಲೆ 60 ವರ್ಷ. ಆದ್ದರಿಂದ 1930ರ ದಶಕದ ಪ್ಲೇಟೊಂದರಲ್ಲಿ ಯಾರೋ ಹಾಡಿದ ಪುರಂದರದಾಸರ ಪದಕ್ಕೆ ಮುದ್ರಣದ ಹಕ್ಕೂ ಮುಗಿದಿದೆ, ಪದದ ಹಕ್ಕಂತೂ ಮೊದಲಿನಿಂದಲೂ ಲೋಕದ್ದು. ಅಂತಹ ಹಾಡಿಗೆ ಯಾರಾದರೂ ಹಕ್ಕಿನ ಹಣ ಕೇಳಿದರೆ ಯಾವ ಹಕ್ಕೆಂದು ಮರಳಿ ಕೇಳಬಹುದು.

ಹಾಡಿನಿಂದ ಆಟಕ್ಕೆ ಹೋಗುವ ದಾರಿಯಲ್ಲಿ ಒಂದು ಮೈಲಿಗಲ್ಲಿದೆ. 1952ರಲ್ಲಿ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳಿಗೆ ಬರ ಬಂದಾಗ ಜನ ರೇಡಿಯೋ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. ಅದೇ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಆರಂಭವಾಯಿತು. ಮೊದಮೊದಲು ಅದು ಸ್ಪರ್ಧೆ. ಏಳು ಹಾಡು ಕೇಳಿಸುತ್ತಾರೆ, ಕೇಳುಗರು ಸರಿಯಾದ ಕ್ರಮದಲ್ಲಿ ಬರೆದು ಕಳಿಸಬೇಕು, ಬಹುಮಾನ 100 ರೂಪಾಯಿ. ಸಾವಿರಾರು ಪತ್ರಗಳು ಬಂದು ಬಿದ್ದವು. ಕಳೆದುಕೊಂಡವನಿಗೆ ಹೋದದ್ದು ಟಪಾಲಿನ ಖರ್ಚು ಮಾತ್ರ, ಹಾಡು ಹೇಗೂ ಕೇಳಿಯಾಯಿತು. ಆಟವೆಂದರೆ ಹೀಗಿರಬೇಕು.

ಅದೇ ಕಾಲದಲ್ಲಿ ಇನ್ನೊಂದು ಆಟ ನಡೆಯಿತು. ಕನ್ನಡನಾಡಿಗೂ ಮುಂಬಯಿಗೂ ಸಂಬಂಧಪಟ್ಟದ್ದಾದರೂ ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿಯದು. ಬೆಂಗಳೂರಿನಲ್ಲಿ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಇಂಗ್ಲಿಷ್ ವಾರಪತ್ರಿಕೆ ಅಚ್ಚಾಗುತ್ತಿತ್ತು. ಅದರಲ್ಲಿ ಆರ್. ಎಂ. ಡಿ. ಚಾಮರಬಾಗವಾಲಾ ಅವರ ಕಂಪನಿಯ ಪದಬಂಧ ಸ್ಪರ್ಧೆ ಬರುತ್ತಿತ್ತು. ಪತ್ರಿಕೆ ಬೊಂಬಾಯಿ ರಾಜ್ಯಕ್ಕೂ ಧಾರಾಳವಾಗಿ ಬರುತ್ತಿತ್ತು. ತುಂಬಿದ ಕೂಪನ್ನು ಮತ್ತು ಶುಲ್ಕ ವಸೂಲು ಮಾಡಲು ಇಲ್ಲಿಯೇ ಠಾಣೆಗಳಿದ್ದವು.

ಪದಬಂಧ ಬಿಡಿಸುವುದು ಬುದ್ಧಿವಂತಿಕೆಯಲ್ಲವೇ ಎಂದು ಕೇಳಬಹುದು. ಅಲ್ಲಿಯೇ ಇತ್ತು ಮಸಲತ್ತು. ಇಂತಹ ಸ್ಪರ್ಧೆಗಳ ಸುಳಿವು ಹೇಗಿರುತ್ತಿತ್ತೆಂಬುದಕ್ಕೆ ಕನ್ನಡದಲ್ಲಿ ನಾವೇ ಒಂದು ಕಟ್ಟಿಕೊಡುತ್ತೇವೆ: "ಕಷ್ಟಕಾಲದಲ್ಲಿ ಮನುಷ್ಯನ ಕೈಹಿಡಿಯುವುದು" ಎಂದು ಸುಳಿವು, ಎರಡು ಅಕ್ಷರ, ಕೊನೆಯದು 'ನ'. ಧನವೋ ಜನವೋ? ಎರಡೂ ಸರಿ. ಆದರೆ ಬಹುಮಾನ ಸರಿಯುತ್ತರಕ್ಕಲ್ಲ, ಮೊದಲೇ ಲಕೋಟೆಯಲ್ಲಿ ಹಾಕಿ ಮೊಹರು ಮಾಡಿಟ್ಟ ಉತ್ತರಕ್ಕೆ. ಇಂತಹ ಹತ್ತು ಸುಳಿವುಗಳಿದ್ದರೆ ಎಲ್ಲ ಬಗೆಯಲ್ಲೂ ತುಂಬಲು 1,024 ಕೂಪನ್ನು ಬೇಕು. ಪಂಡಿತನಿಗೂ ಪಾಮರನಿಗೂ ಅವಕಾಶ ಸಮ. ನಿಘಂಟು ಮುಂದಿಟ್ಟುಕೊಂಡು ಆಡುವ ಮಟ್ಕಾ ಎಂದರೆ ಸರಿಯಾದೀತು.

1952ರಲ್ಲಿ ಬೊಂಬಾಯಿ ಸರ್ಕಾರ ತನ್ನ ಕಾಯಿದೆ ತಿದ್ದಿ, ಹೊರರಾಜ್ಯದಲ್ಲಿ ಅಚ್ಚಾಗಿ ಬರುವ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ಹಾಕಿತು. ಕಂಪನಿ ಕೋರ್ಟಿಗೆ ಹೋಯಿತು: ಇದು ನಮ್ಮ ವ್ಯಾಪಾರ, ವ್ಯಾಪಾರಕ್ಕೆ ಸಂವಿಧಾನದ ರಕ್ಷಣೆಯಿದೆ ಎಂದಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ತೀರ್ಪು ಕೊಟ್ಟಿತು: ಜೂಜು ವ್ಯಾಪಾರವೇ ಅಲ್ಲ, ಆದ್ದರಿಂದ ವ್ಯಾಪಾರದ ಸ್ವಾತಂತ್ರ್ಯ ಅದಕ್ಕೆ ಸಲ್ಲದು. ಅಷ್ಟರಲ್ಲಿ 1955ರ ಕೇಂದ್ರ ಕಾಯಿದೆ ಬಂದು ಬಹುಮಾನ ತಿಂಗಳಿಗೆ 1,000 ರೂಪಾಯಿ ಮೀರಬಾರದೆಂದೂ ವಿಧಿಸಿತ್ತು. ಬುದ್ಧಿಯೇ ಪ್ರಧಾನವಾದ ಸ್ಪರ್ಧೆಗೆ ಆ ಕಟ್ಟು ಇಲ್ಲ, ಅದೃಷ್ಟದ ಸ್ಪರ್ಧೆಗೆ ಮಾತ್ರ ಎಂದು ಅದೇ ದಿನ ಕೋರ್ಟು ಹೇಳಿತು. ಈ ಒಂದು ಗೆರೆಯ ಆಚೆಈಚೆ ನಿಂತು ಮುಂದೆ ಅರವತ್ತು ಎಪ್ಪತ್ತು ವರ್ಷ ವಕೀಲರು ಹೊಟ್ಟೆ ಹೊರೆದರು.

ಪದಬಂಧ ಇಂಗ್ಲಿಷ್ ಬಲ್ಲ ಗುಮಾಸ್ತನ ಆಟ. ಗಿರಣಿ ಕೆಲಸಗಾರನ ಆಟಕ್ಕೆ ಓದು ಬೇಕಾಗಿರಲಿಲ್ಲ, ಅಂಕಿ ಸಾಕಾಗಿತ್ತು. ಆ ಅಂಕಿ ಮೊದಲು ಬಂದದ್ದು ಸುದ್ದಿಯ ತಂತಿಯ ಮೇಲೆ! ನ್ಯೂಯಾರ್ಕಿನ ಹತ್ತಿ ಬಜಾರಿನ ಆರಂಭದ ಮತ್ತು ಮುಕ್ತಾಯದ ದರಗಳು ಮುಂಬಯಿಗೆ ತಲುಪುತ್ತಿದ್ದವು. ಹತ್ತಿ ನೂಲುವವರು ಹತ್ತಿಯ ದರದ ಮೇಲೆಯೇ ಬಾಜಿ ಕಟ್ಟಿದರು. 1961ರ ಸುಮಾರಿಗೆ ಆ ದರಗಳು ನಿಂತವು. ನಿಂತರೇನು, 1962ರಲ್ಲಿ ಕಲ್ಯಾಣಜೀ ಭಗತ್ ವರಳಿಯಲ್ಲೂ, 1964ರಲ್ಲಿ ರತನ್ ಖತ್ರಿ ಬೇರೆಯಾಗಿಯೂ ತಾವೇ ಅಂಕಿ ಎತ್ತತೊಡಗಿದರು. ಮಡಕೆಯಿಂದ ಚೀಟಿ ಎತ್ತುತ್ತಿದ್ದುದರಿಂದ ಮಟ್ಕಾ. ಮುಂದೆ ಇಸ್ಪೀಟಿನ ಎಲೆ. ಮೂರು ಎಲೆ ಎತ್ತಿ ಕೂಡಿಸಿ, ಕೊನೆಯ ಅಂಕಿಯನ್ನು ಹಿಡಿಯುವುದು. 5, 3, 6 ಬಂದರೆ ಮೊತ್ತ 14, ಅಂಕಿ 4. ಇದು ಓಪನ್, ಮತ್ತೊಮ್ಮೆ ಎತ್ತಿದರೆ ಕ್ಲೋಸ್. ನಮ್ಮೂರುಗಳಲ್ಲಿ ಇದನ್ನೇ ಓಸಿ ಎನ್ನುತ್ತಾರೆ.

ಈಗ ಪೆನ್ಸಿಲು ಹಿಡಿಯಿರಿ. ಅಂಕಿಗಳು ಹತ್ತು, ಗೆದ್ದರೆ ರೂಪಾಯಿಗೆ ಒಂಬತ್ತು. ಹತ್ತು ಅಂಕಿಗಳ ಮೇಲೂ ಒಂದೊಂದು ರೂಪಾಯಿ ಇಟ್ಟವನು ಹತ್ತು ಕೊಟ್ಟು ಒಂಬತ್ತು ತರುತ್ತಾನೆ. ಅಂದರೆ ಸರಾಸರಿಯಲ್ಲಿ ನೂರು ರೂಪಾಯಿ ಒಂದು ಸುತ್ತಿಗೆ ತೊಂಬತ್ತಾಗುತ್ತದೆ, ಇನ್ನೊಂದು ಸುತ್ತಿಗೆ ಎಂಬತ್ತೊಂದು. ಏಳನೆಯ ಸುತ್ತಿಗೆ ಅರ್ಧಕ್ಕಿಂತ ಕಡಿಮೆ. ಇಪ್ಪತ್ತೆರಡನೆಯ ಸುತ್ತಿಗೆ ಹತ್ತು ರೂಪಾಯಿಯೂ ಇಲ್ಲ. ಮೋಸ ನಡೆಯದಿದ್ದರೂ ಹೀಗೆ. ನಡುವೆ ಒಬ್ಬನಿಗೆ ಬಂತು ಎಂಬ ಸುದ್ದಿ ಚಾಳೆಲ್ಲ ಹಬ್ಬುತ್ತದೆ, ಒಂಬತ್ತು ಮಂದಿಗೆ ಹೋಯಿತು ಎಂಬುದನ್ನು ಯಾರೂ ಕೂಗಿ ಹೇಳುವುದಿಲ್ಲ. ಬಟವಾಡೆಯ ಸಂಜೆ ಗಿರಣಿಯ ಬಾಗಿಲಲ್ಲಿ ಪಠಾಣ ಸಾಲಗಾರನೂ ಮಟ್ಕಾದ ಚೀಟಿಯವನೂ ಒಟ್ಟಿಗೆ ನಿಲ್ಲುತ್ತಿದ್ದರೆಂದು ಹಿರಿಯರು ಹೇಳುತ್ತಾರೆ; ಊರಿಗೆ ಹೋಗಬೇಕಾದ ಮನಿಯಾರ್ಡರು ಅವರಿಬ್ಬರನ್ನು ದಾಟಿ ಹೋಗಬೇಕಾಗಿತ್ತು. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಆರಂಭವಾಗಿ ಗಿರಣಗಾಂವಿನ ಕೈಯಲ್ಲಿ ಕಾಸು ಆಡುವುದು ನಿಂತ ಮೇಲೆ ಮಟ್ಕಾದ ಆ ಅಬ್ಬರವೂ ಇಳಿಯಿತು.

ಸರ್ಕಾರಗಳ ನೀತಿಯೂ ಒಂದೇ ತೆರನಾಗಿಲ್ಲ. ಮಹಾರಾಷ್ಟ್ರ ಸರ್ಕಾರ 1969ರಲ್ಲಿ ತಾನೇ ಲಾಟರಿ ತೆರೆಯಿತು. ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. ರೈಲು ಹತ್ತಿ ಗಡಿ ದಾಟಿದರೆ ಪಾಪ ಪುಣ್ಯಗಳ ಪಟ್ಟಿಯೂ ಬದಲಾಗುತ್ತದೆ.

ಮೊಬೈಲಿನ ರಮ್ಮಿಗೆ ಬರೋಣ. ರಮ್ಮಿಯಲ್ಲಿ ಪ್ರಧಾನವಾದುದು ಕೌಶಲ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ್ದುಂಟು. ಕಂಪನಿಗಳು ಇದನ್ನೇ ಗುರಾಣಿ ಮಾಡಿಕೊಂಡವು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಅಲ್ಲಿನ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಇದೇ ತರ್ಕದ ಮೇಲೆ ರದ್ದು ಮಾಡಿತು. ಕೌಶಲವಿರಲಿ, ಒಪ್ಪೋಣ. ಐದು ಮಂದಿ ನೂರು ನೂರು ಹಾಕಿ ಕುಳಿತರೆ ಮೇಜಿನ ಮೇಲೆ ಐನೂರು. ಮೇಜಿನ ಯಜಮಾನ ನೂರಕ್ಕೆ ಹತ್ತರಂತೆ ಎತ್ತಿಕೊಂಡನೆಂದಿಟ್ಟುಕೊಳ್ಳಿ, ಉಳಿದದ್ದು ನಾನೂರೈವತ್ತು. ಐವರೂ ಮಹಾ ಚತುರರಾದರೂ ಐನೂರು ಮರಳಿ ಬರುವುದಿಲ್ಲ. ಕೌಶಲವಿದ್ದವನು ಪಕ್ಕದವನ ಜೇಬಿನಿಂದ ತೆಗೆಯುತ್ತಾನೆ, ಯಜಮಾನ ಎಲ್ಲರ ಜೇಬಿನಿಂದ ತೆಗೆಯುತ್ತಾನೆ. 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯಿದೆ ಮಾಡಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟದಲ್ಲಿ ಕೌಶಲ ಅದೃಷ್ಟಗಳ ಭೇದವನ್ನೇ ತೆಗೆದುಹಾಕಿತು. ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ದೊಡ್ಡ ಕಂಪನಿಗಳು ಹಣದ ಆಟ ಮುಚ್ಚಿದವು. ಆದರೂ ಹೆಸರು ವಿಳಾಸವಿಲ್ಲದ ಕೊಂಡಿಗಳು ಮೊಬೈಲಿಗೆ ಬರುತ್ತವೆ. ಅಲ್ಲಿ ಹಣ ಹೋದರೆ ಯಾರ ಮೇಲೆ ಫಿರ್ಯಾದಿ ಕೊಡುವುದೆಂಬುದೂ ತಿಳಿಯುವುದಿಲ್ಲ.

ಈ ವಿಳಾಸದ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಸುದ್ದಿಗೆ ಬನ್ನಿ. ನಮ್ಮ ವಾಚನಾಲಯದ ಯಾವ ದಿನಪತ್ರಿಕೆಯನ್ನಾದರೂ ತೆಗೆದು ಹುಡುಕಿ ನೋಡಿ, ಒಂದು ಪುಟದ ಅಡಿಯಲ್ಲಿ ಇರುವೆ ಸಾಲಿನಂತಹ ಸಣ್ಣ ಅಕ್ಷರದ ಸಾಲು ಇರುತ್ತದೆ. ಮುದ್ರಿಸಿದವರು ಯಾರು, ಪ್ರಕಟಿಸಿದವರು ಯಾರು, ಎಲ್ಲಿ, ಸಂಪಾದಕರು ಯಾರು. 1867ರ ಕಾಯಿದೆಯಿಂದ ಬಂದ ನಿಯಮ. 2023ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂದಿದೆ. ಆ ಸಾಲನ್ನು ಯಾರೂ ಓದುವುದಿಲ್ಲ, ಆದರೆ ಪತ್ರಿಕೆಗೆ ಕೊಟ್ಟ ದುಡ್ಡಿನಲ್ಲಿ ನಾವು ಕೊಳ್ಳುವ ಮುಖ್ಯ ಸರಕು ಅದೇ. ಸುಳ್ಳು ಬರೆದರೆ ಹಿಡಿದು ಕೇಳಲು ಒಬ್ಬ ಮನುಷ್ಯ, ಒಂದು ಬಾಗಿಲು. ಬೊಂಬಾಯಿ ಸರ್ಕಾರಕ್ಕೆ 'ಸ್ಪೋರ್ಟಿಂಗ್ ಸ್ಟಾರ್' ಸಿಕ್ಕಿಬಿದ್ದದ್ದೂ ಅದಕ್ಕೊಂದು ವಿಳಾಸವಿದ್ದುದರಿಂದಲೇ. ಹತ್ತು ಕೈ ದಾಟಿ ಬಂದ ಪುಕ್ಕಟೆ ಸುದ್ದಿಗೆ ಆ ಸಾಲು ಇಲ್ಲ. "ನನಗೆ ನಮ್ಮ ಭಾವ ಕಳಿಸಿದರು" ಎನ್ನುತ್ತಾರೆ. ಭಾವನಿಗೆ ಯಾರು ಕಳಿಸಿದರು?

ಬೆಲೆಯ ವಿಷಯಕ್ಕೂ ಒಂದು ಪ್ರಸಂಗವಿದೆ. 1960ರಲ್ಲಿ ಕೇಂದ್ರ ಸರ್ಕಾರ, ಇಷ್ಟು ಬೆಲೆಯ ಪತ್ರಿಕೆಗೆ ಇಷ್ಟೇ ಪುಟ ಎಂದು ಆಜ್ಞೆ ಹೊರಡಿಸಿತು. ಪುಣೆಯ ಮರಾಠಿ ಪತ್ರಿಕೆ 'ಸಕಾಳ್' ಏಳು ನಯಾಪೈಸೆಗೆ ವಾರದ ಆರು ದಿನಗಳಲ್ಲಿ 34 ಪುಟ ಕೊಡುತ್ತಿತ್ತು. ಆಜ್ಞೆಯ ಪ್ರಕಾರ ಪುಟಗಳನ್ನು 24ಕ್ಕೆ ಇಳಿಸಬೇಕು, ಇಲ್ಲವೇ ಬೆಲೆಯನ್ನು ಎಂಟು ನಯಾಪೈಸೆಗೆ ಏರಿಸಬೇಕು. ಒಂದು ನಯಾಪೈಸೆ! ಅದಕ್ಕಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇ? ಹೌದು. ಒಂದು ಪೈಸೆ ಏರಿದರೆ ಓದುವವರು ಕಡಿಮೆಯಾಗುತ್ತಾರೆ, ಪುಟ ಇಳಿದರೆ ಹೇಳುವ ಮಾತು ಕಡಿಮೆಯಾಗುತ್ತದೆ. ಎರಡೂ ವಾಕ್‌ಸ್ವಾತಂತ್ರ್ಯಕ್ಕೆ ಬಿದ್ದ ಏಟೇ ಎಂದು 1961ರ ಸೆಪ್ಟೆಂಬರಿನಲ್ಲಿ ಕೋರ್ಟು ಆಜ್ಞೆಯನ್ನು ಹೊಡೆದುಹಾಕಿತು. ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪದಬಂಧದ ಜೂಜು ವ್ಯಾಪಾರವೂ ಅಲ್ಲವೆಂದ ಅದೇ ಕೋರ್ಟು, ನಾಲ್ಕೇ ವರ್ಷಗಳ ನಂತರ ಬಡವನ ಪತ್ರಿಕೆಯ ಒಂದು ಪೈಸೆಗೆ ಸಂವಿಧಾನವನ್ನು ಅಡ್ಡ ಹಿಡಿಯಿತು.

ಓದುಗ ಕೊಡುವ ಬೆಲೆಯಿಂದಲೇ ಪತ್ರಿಕೆ ನಡೆಯುತ್ತದೆ ಎಂದೇನೂ ನಾವು ಹೇಳುವುದಿಲ್ಲ. ದೊಡ್ಡ ಪಾಲು ಜಾಹೀರಾತಿನವರದು, ಅದರ ವಾಸನೆ ಸುದ್ದಿಗೂ ಒಮ್ಮೊಮ್ಮೆ ತಗಲುತ್ತದೆ. ಕನ್ನಡ ಪತ್ರಿಕೆಗಳ ಮೊದಲನೆಯದಾದ 'ಮಂಗಳೂರ ಸಮಾಚಾರ' 1843ರಲ್ಲಿ ಮಿಷನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಅವರ ಕೈಯಿಂದ ಕಲ್ಲಚ್ಚಿನಲ್ಲಿ ಹೊರಟದ್ದು. ಪ್ರಕಟಿಸುವವರಿಗೆ ತಮ್ಮದೇ ಉದ್ದೇಶವಿರುವುದು ಹೊಸತಲ್ಲ. ಅದಕ್ಕೇ ಒಂದೇ ಪತ್ರಿಕೆ ಸಾಲದು, ಎರಡು ಮೂರು ಬೇಕು. ಮನೆಗೆ ಮೂರು ತರಿಸುವ ಶಕ್ತಿ ನಮ್ಮಲ್ಲಿ ಯಾರಿಗಿದೆ? ವಾಚನಾಲಯದ ಮೇಜಿಗಿದೆ. ಅಲ್ಲಿ ಒಂದು ಪ್ರತಿಯನ್ನು ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದವರು, ಮಧ್ಯಾಹ್ನ ಹೊಟೇಲಿನ ಹುಡುಗರು, ಸಂಜೆ ಆಫೀಸಿನಿಂದ ಇಳಿದವರು ಓದುತ್ತಾರೆ. ಊರಿನ ಮಳೆ, ಬೆಳೆ, ಸಾವುನೋವು ಅದರಲ್ಲಿ ಸಿಗುತ್ತದೆ.

ಇನ್ನೊಂದು ಲಾಭ ಉಳಿದೆರಡು ಸರಕುಗಳಿಗಿಲ್ಲ. ಮುಗಿದ ಹಾಡಿನ ಚಂದಾವನ್ನು ಯಾರೂ ಮರಳಿ ಕೊಳ್ಳುವುದಿಲ್ಲ, ಸೋತ ರಮ್ಮಿಯ ಎಲೆಯನ್ನೂ ಅಷ್ಟೇ. ಹಳೆಯ ಪತ್ರಿಕೆಯನ್ನು ರದ್ದಿಯವನು ತೂಕಕ್ಕೆ ಹಾಕಿ ದುಡ್ಡು ಎಣಿಸಿ ಕೊಡುತ್ತಾನೆ. ನಮ್ಮ ರದ್ದಿಯ ಹಣ ಪತ್ರಿಕೆಗಳ ಬಿಲ್ಲಿಗೇ ಜಮೆಯಾಗುತ್ತದೆ. ಆದಕಾರಣ ನೌಕರಿಯ ಜಾಹೀರಾತು ಬೇಕಾದವರು ಅದನ್ನು ಬರೆದುಕೊಂಡು ಹೋಗಬೇಕು, ಪುಟವನ್ನು ಹರಿದುಕೊಂಡು ಹೋಗಬಾರದು. ಪೆನ್ಸಿಲು ಮೇಜಿನ ಮೇಲೆ ದಾರಕ್ಕೆ ಕಟ್ಟಿದೆ.