ಸತ್ತವನ ಹೆಸರಿಗೆ ಬಂದ ದರ್ಜಿ ಬಿಲ್ಲು

ಟೈಟಾನಿಕ್ ಮುಳುಗಿ ಹದಿನೈದು ದಿನ ಕಳೆದಿತ್ತು. 1912ರ ಏಪ್ರಿಲ್ 30ರಂದು ಸ್ಕಾಟ್ಲೆಂಡಿನ ಡಂಫ್ರೀಸ್‌ನ ಸಂಗೀತ ಮೇಷ್ಟ್ರು ಆಂಡ್ರ್ಯೂ ಹ್ಯೂಮ್ ಅವರಿಗೆ ಲಿವರ್‌ಪೂಲಿನ ಏಜೆನ್ಸಿಯೊಂದು ಕಾಗದ ಬರೆಯಿತು. ಹಡಗಿನ ವಾದ್ಯಮೇಳದಲ್ಲಿ ಪಿಟೀಲು ನುಡಿಸುತ್ತಿದ್ದ ಅವರ ಮಗ ಜಾಕ್, 21 ವರ್ಷದವನು, ತೀರಿಕೊಂಡಿದ್ದ. ಅವನ ಸಮವಸ್ತ್ರದ ಬಾಕಿ ಕಟ್ಟಿ ಎಂದಿತ್ತು ಕಾಗದ. ಒಟ್ಟು 14 ಶಿಲಿಂಗ್ 7 ಪೆನ್ಸ್. ಕೋಟಿಗೆ ಕಂಪನಿಯ ಗುಂಡಿ ಹೊಲಿದದ್ದಕ್ಕೆ 1 ಶಿಲಿಂಗ್ ಅದರಲ್ಲಿ ಸೇರಿತ್ತು.

ಗುಡಗಾಂವ್, ನೋಯ್ಡಾಗಳಲ್ಲಿ ಇರುವವರಿಗೆ ಈ ಏಜೆನ್ಸಿ ಪದ್ಧತಿ ತೀರಾ ಅಪರಿಚಿತ ಎನಿಸಲಾರದು. ಗೇಟಿನ ಗಾರ್ಡ್ ಸೊಸೈಟಿಯವನಲ್ಲ, ಆಫೀಸಿನ ಕಸ ಗುಡಿಸುವಾಕೆ ಆಫೀಸಿನವಳಲ್ಲ. ಇಬ್ಬರೂ ಯಾವುದೋ ಏಜೆನ್ಸಿಯವರು. ಟೈಟಾನಿಕ್‌ನ ಎಂಟು ವಾದ್ಯಗಾರರೂ ಹಾಗೆಯೇ. ಮೊದಲು ಹಡಗು ಕಂಪನಿಗಳೇ ವಾದಕರನ್ನು ಇಟ್ಟುಕೊಳ್ಳುತ್ತಿದ್ದವು. ತಿಂಗಳಿಗೆ ಆರೂವರೆ ಪೌಂಡ್, ಮೇಲೆ ಸಮವಸ್ತ್ರದ ಭತ್ಯೆ. ಸಿ.ಡಬ್ಲ್ಯೂ. ಮತ್ತು ಎಫ್.ಎನ್. ಬ್ಲ್ಯಾಕ್ ಎಂಬ, ಆ ಕಾಗದ ಬರೆದ ಏಜೆನ್ಸಿಯೇ ಗುತ್ತಿಗೆ ಹಿಡಿದ ಮೇಲೆ ಸಂಬಳ 4 ಪೌಂಡಿಗೆ ಇಳಿಯಿತು, ಭತ್ಯೆ ಹೋಯಿತು. ಟೈಟಾನಿಕ್ ಹತ್ತುವಾಗ ಇವರ ಕೈಯಲ್ಲಿದ್ದದ್ದು ಎರಡನೇ ದರ್ಜೆಯ ಟಿಕೆಟ್.

ಆ ಟಿಕೆಟ್ಟೇ ಮುಳುವಾಯಿತು. ಮನೆಯವರು ಪರಿಹಾರ ಕೇಳಿದಾಗ, ಅವರು ನಮ್ಮ ನೌಕರರಲ್ಲ, ಪ್ರಯಾಣಿಕರು ಎಂದು ಹಡಗಿನ ಒಡೆತನದ ವೈಟ್ ಸ್ಟಾರ್ ಕಂಪನಿ ಕೈತೊಳೆದುಕೊಂಡಿತು. ಏಜೆನ್ಸಿ ವಿಮೆಯವರತ್ತ ಬೊಟ್ಟುಮಾಡಿತು. ಕೋರ್ಟಿನಲ್ಲೂ ಸೋಲೇ. ಕೊನೆಗೆ ಕೈ ಹಿಡಿದದ್ದು ಜನರ ವಂತಿಗೆಯಿಂದ ಎದ್ದ ಪರಿಹಾರ ನಿಧಿ. ಹಡಗು ಮುಳುಗುವಾಗ ಈ ವಾದ್ಯಮೇಳ ಕೊನೆಯಲ್ಲಿ ನುಡಿಸಿದ್ದು ಯಾವ ಹಾಡು ಎಂದು ನೂರು ವರ್ಷದಿಂದ ಚರ್ಚೆ ನಡೆದಿದೆ. ನನಗೇನೋ ಈ ಬಿಲ್ಲೇ ಹೆಚ್ಚು ಕಾಡುತ್ತದೆ.

ಹ್ಯೂಮ್ ಮೇಷ್ಟ್ರು ದುಡ್ಡು ಕಟ್ಟಲಿಲ್ಲ. ಕಾಗದವನ್ನು ಸಂಗೀತಗಾರರ ಸಂಘಕ್ಕೆ ಕಳಿಸಿದರು, ಸಂಘ ಅದನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಹಾಕಿತು. ಜಾಕ್‌ನ ದೇಹ ಸಿಕ್ಕಿತು, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಮಣ್ಣಾಯಿತು.

ನಮ್ಮಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 12ನೇ ಕಲಮು ವೈಟ್ ಸ್ಟಾರ್ ಮಾಡಿದಂಥ ನುಣುಚಾಟಕ್ಕೆ ತಡೆ ಹಾಕಿತು: ಕೆಲಸ ಮಾಲೀಕನ ಮಾಮೂಲಿ ವ್ಯವಹಾರದ ಭಾಗವಾಗಿದ್ದರೆ, ಆಳು ಗುತ್ತಿಗೆದಾರನವನಾದರೂ ಪರಿಹಾರ ಕೊಡುವ ಹೊಣೆ ಮಾಲೀಕನದು ಎಂದಿತು. ಸಮುದ್ರದ ನಡುವೆ ಸಿರಿವಂತರ ಊಟಕ್ಕೆ ಪಿಟೀಲು ನುಡಿಸುವುದು ಹಡಗು ಕಂಪನಿಯ ಮಾಮೂಲಿ ವ್ಯವಹಾರವೇ? ವಕೀಲರು ಅಲ್ಲೂ ಒಂದು ವಾದ ಹೂಡುತ್ತಿದ್ದರು ಬಿಡಿ.