ಮಳೆ ತೊಳೆದ ಪಡುವಣ

ಕರಾವಳಿಯ ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲ. ಉಡುಪಿ ಆಸುಪಾಸಿನಲ್ಲಿ ಜೂನ್ ಮೂರನೇ ವಾರ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೂ, ಡಿಸೆಂಬರ್ ಮೂರನೇ ವಾರ ಹೆಚ್ಚುಕಡಿಮೆ ಅಷ್ಟೇ ದಕ್ಷಿಣಕ್ಕೂ ಸರಿದಿರುತ್ತಾನೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಕಾಪು ದೀಪಸ್ತಂಭ ನೇರ ಪಶ್ಚಿಮಕ್ಕೆ ಬರುವಂತೆ ನಿಂತರೆ, ಸೂರ್ಯ ಅದರ ಬೆನ್ನಿಗೆ ಇಳಿಯುವುದು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ 20ರ ಆಚೀಚೆ ಮಾತ್ರ. ಚಳಿಗಾಲದಲ್ಲಿ ಎಡಕ್ಕೆ, ಮಳೆಗಾಲದ ನಡುವೆ ಬಲಕ್ಕೆ. ಹೊತ್ತು ಕೂಡ ನವೆಂಬರಿನ ಆರು ಗಂಟೆಯಿಂದ ಜುಲೈನ ಏಳರವರೆಗೆ ಸರಿಯುತ್ತದೆ.

ಪ್ರವಾಸಿಗರು ಕಿಕ್ಕಿರಿಯುವ ಡಿಸೆಂಬರ್, ಜನವರಿಯೇ ಫೋಟೊಕ್ಕೆ ಹೇಳಿಮಾಡಿಸಿದ ಕಾಲ ಎಂಬ ನಂಬಿಕೆಯನ್ನು ಪೂರ್ತಿ ಒಪ್ಪಲಾಗದು. ಮೋಡವಿಲ್ಲ, ನಿಜ, ಆದರೆ ದಿಗಂತದಲ್ಲಿ ದೂಳು, ಹೊಗೆ ಸೇರಿದ ಮಬ್ಬು ಕಟ್ಟಿಕೊಂಡು ಎಷ್ಟೋ ಸಂಜೆ ಸೂರ್ಯ ನೀರು ಮುಟ್ಟುವ ಮೊದಲೇ ಮಾಸಿಹೋಗುತ್ತಾನೆ. ಮೇ ತಿಂಗಳ ಸೆಕೆಯಲ್ಲಿ ಕಡಲಿಗೆ ಬೆನ್ನು ಹಾಕಿ ನಿಲ್ಲುವುದೇ ಲೇಸು: ಘಟ್ಟದ ಮೇಲೆ ಗೋಪುರದಂತೆ ಎದ್ದ ಗುಡುಗುಮೋಡದ ನೆತ್ತಿಗೆ ಕೊನೆಯ ಬಿಸಿಲು ತಾಗಿ ಕೆಂಪೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3,000 ಮಿ.ಮೀ.ಗೂ ಮಿಕ್ಕಿ ಮಳೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲಿ ಒತ್ತಾಗಿ ನಿಂತಿರುತ್ತವೆ. ಕಡಲು ಖಾಲಿ, ಬೂದುಬಣ್ಣ.

ಕಾಯಬೇಕಾದದ್ದು ಮಳೆ ಹಿಂದೆಗೆದ ಮೇಲಿನ ಅಕ್ಟೋಬರ್ ಸಂಜೆಗಾಗಿ. ಮಧ್ಯಾಹ್ನ ಒಂದು ಮಳೆ ಬಿದ್ದು ಹೊಳವಾದರೆ ಕಾಪುವಿನಲ್ಲಿ ದಿಗಂತ ಗೆರೆ ಎಳೆದಷ್ಟು ಚೊಕ್ಕವಾಗಿರುತ್ತದೆ. ಕೆಳಗಿಳಿಯುತ್ತಿದ್ದಂತೆ ಬಿಂಬ ಚಪ್ಪಟೆಯಾಗುತ್ತದೆ. ಮೇಲಂಚಿಗಿಂತ ಕೆಳಂಚಿನ ಬೆಳಕನ್ನು ಗಾಳಿ ಹೆಚ್ಚು ಬಾಗಿಸುವುದೇ ಕಾರಣ. ನೀರಿಗೆ ತಾಗಿಕೊಂಡ ಗಾಳಿ ಮೇಲಿನದಕ್ಕಿಂತ ಬೆಚ್ಚಗಿದ್ದರೆ ಇನ್ನೂ ಸೊಗಸು: ಇಳಿಯುವ ಸೂರ್ಯನನ್ನು ಎದುರುಗೊಳ್ಳಲು ಕೆಳಗಿನಿಂದ ಮರೀಚಿಕೆಯ ಕೆಂಪು ತುಣುಕೊಂದು ಏಳುತ್ತದೆ. ಎರಡೂ ಕೂಡಿಕೊಂಡಾಗ ಬಿಂಬಕ್ಕೆ ಸಣ್ಣ ಕತ್ತು, ಅಗಲ ಪಾದ ಬರುತ್ತದೆ. ಆಗಲೇ ಹಸಿರು ಮಿಂಚಿಗೆ ಸಿದ್ಧವಾಗಬೇಕು. ಹಸಿರು ಬೆಳಕು ಕೆಂಪಿಗಿಂತ ತುಸು ಹೆಚ್ಚು ಬಾಗುವುದರಿಂದ ಕೊನೆಗೆ ಮುಳುಗುತ್ತದೆ. ನೀಲಿ ಗಾಳಿಯಲ್ಲೇ ಚದುರಿಹೋಗಿರುತ್ತದೆ. ಮೇಲಂಚಿನ ಆ ಹಸಿರು ಉಳಿಯುವುದು ಒಂದೆರಡು ಸೆಕೆಂಡು. ಜೂಲ್ಸ್ ವರ್ನ್ 1882ರಲ್ಲಿ ಇದರ ಸುತ್ತಲೇ ಕಾದಂಬರಿ ಬರೆದ. ಇದನ್ನು ಕಟ್ಟುಕತೆ ಎನ್ನುವವರು ಈಗಲೂ ಇದ್ದಾರೆ, ಆದರೆ ಕ್ಯಾಮೆರಾ ಅದನ್ನು ಎಷ್ಟೋ ಸಲ ಹಿಡಿದಿದೆ. ಕರಾವಳಿಯ ಸಂಜೆಗಳಲ್ಲಿ ಇದಕ್ಕಿಂತ ಕಾಯಿಸಿ ಕೊಡುವ ನೋಟ ಮತ್ತೊಂದಿಲ್ಲ.

ಇದಕ್ಕೆ ಉದ್ದದ ಲೆನ್ಸ್ ಬೇಕು. 400 ಮಿ.ಮೀ. ಲೆನ್ಸ್‌ನಲ್ಲೂ ಸೂರ್ಯಬಿಂಬ ಸೆನ್ಸರ್ ಮೇಲೆ 4 ಮಿ.ಮೀ. ತುಂಬುವುದಿಲ್ಲ; ಮೊಬೈಲಿನಲ್ಲಿ ಅದು ಚುಕ್ಕೆಯಷ್ಟೇ. ಬೆಳಕು ಪ್ರಖರವಾಗಿರುವಾಗ ಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರಿಗೆ ಕಣ್ಣಿಟ್ಟರೆ ದೃಷ್ಟಿಗೇ ಅಪಾಯ, ಹಿಂಬದಿಯ ಸ್ಕ್ರೀನ್ ನೋಡಿಯೇ ಹೊಂದಿಸಬೇಕು. ಎಕ್ಸ್‌ಪೋಷರ್ ತಗ್ಗಿಸಿದರೆ ಬಿಂಬ ಬಿಳಿಚುವುದಿಲ್ಲ. ವೈಟ್ ಬ್ಯಾಲೆನ್ಸ್ ಆಟೊದಲ್ಲಿಟ್ಟರೆ ಕ್ಯಾಮೆರಾ ಸಂಜೆಯ ಕೆಂಪನ್ನು ಅಳಿಸಲು ನೋಡುತ್ತದೆ, ಡೇಲೈಟ್‌ಗೆ ನಿಲ್ಲಿಸುವುದು ಒಳ್ಳೆಯದು.

ಸೂರ್ಯ ಮುಳುಗಿದೊಡನೆ ಟ್ರೈಪಾಡ್ ಮಡಚುವವರು ಅರ್ಧ ಕಳೆದುಕೊಳ್ಳುತ್ತಾರೆ. ಎತ್ತರದ ಎಳೆಮೋಡಗಳಿಗೆ ಬಣ್ಣ ಏರುವುದು ಆಮೇಲೆ, ಹತ್ತಿಪ್ಪತ್ತು ನಿಮಿಷದೊಳಗೆ. ಇಳಿತದ ಹೊತ್ತಾದರೆ ಒದ್ದೆ ಮರಳಿನಲ್ಲಿ ಅದೇ ಬಣ್ಣ ಎರಡನೇ ಸಲ ಸಿಗುತ್ತದೆ. ಮನೆಗೆ ಬಂದ ಮೇಲೆ ಲೆನ್ಸಿನ ಗಾಜನ್ನು ಮೊದಲು ಊದಿ, ತುಸು ತೇವದ ಬಟ್ಟೆಯಿಂದ ಒರೆಸಬೇಕು. ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪು, ಮರಳಿನ ಕಣಗಳು ಗೀರು ಹಾಕುತ್ತವೆ.